ತಲೆಯೊಳಗಿನ ನಕಾಶೆ

ಮೂವತ್ತೆರಡು ವರ್ಷ ನಾನು ದಾಂಡೇಲಿಯಲ್ಲಿ ಭೂಗೋಳದ ಮಾಸ್ತರನಾಗಿದ್ದವನು. ಗೋಡೆಗೆ ನಕಾಶೆ ತೂಗುಹಾಕಿ, ಕೋಲು ಹಿಡಿದು, ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಸಮುದ್ರ ಸೇರುವ ತನಕ ಎಲ್ಲೆಲ್ಲಿ ಡೊಂಕಾಗುತ್ತದೆ, ಯಾವ ಹಳ್ಳ ಎಲ್ಲಿ ಬಂದು ಕೂಡುತ್ತದೆ ಎಂಬುದನ್ನು ನೂರಾರು ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೇನೆ. ಅವರಲ್ಲಿ ಎಷ್ಟು ಜನಕ್ಕೆ ಅದು ಈಗ ನೆನಪಿದೆಯೋ ನನಗೆ ತಿಳಿಯದು. ನನಗಂತೂ ಆ ನಕಾಶೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಆದರೆ ನನ್ನ ಸ್ವಂತ ತಲೆಯೊಳಗೂ ಒಂದು ನಕಾಶೆ ಇದೆ, ಅದರಲ್ಲಿಯೂ ನದಿಗಳಿವೆ, ಕವಲುಗಳಿವೆ ಎಂಬುದನ್ನು ಅರವತ್ತೊಂಬತ್ತನೆಯ ವರ್ಷದಲ್ಲಿ ಹುಬ್ಬಳ್ಳಿಯ ಒಂದು ಕತ್ತಲೆಯ ಕೋಣೆಯಲ್ಲಿ ಕುಳಿತು ಕಲಿಯಬೇಕಾಯಿತು.

ವಿಷಯ ಪ್ರಾರಂಭವಾದದ್ದು ನನ್ನಿಂದಲ್ಲ, ನನ್ನ ತಂಗಿಯಿಂದ. ಅವಳನ್ನು ಮುಂಡಗೋಡಿಗೆ ಕೊಟ್ಟಿದ್ದೇವೆ. 2023ರ ನವೆಂಬರ್ ತಿಂಗಳಿನ ಒಂದು ಮುಂಜಾವಿನಲ್ಲಿ ಅವಳು ಬಚ್ಚಲಲ್ಲಿ ನೀರಿನ ಕೊಡ ಎತ್ತಲು ಬಾಗಿದಳಂತೆ; ತಲೆಯೊಳಗೆ ಯಾರೋ ತೆಂಗಿನಕಾಯಿ ಒಡೆದ ಹಾಗಾಯಿತಂತೆ. ತಲೆನೋವು ಅವಳಿಗೆ ಹೊಸದಲ್ಲ. ಉಪವಾಸ ಮಾಡಿದರೆ ಬರುತ್ತಿತ್ತು, ಬಿಸಿಲಿಗೆ ಹೋದರೆ ಬರುತ್ತಿತ್ತು. ಆದರೆ ಅವೆಲ್ಲ ಮೆಲ್ಲಗೆ ಹತ್ತುವ ನೋವುಗಳು. ಇದು ಒಂದು ಕ್ಷಣದಲ್ಲಿ ಶಿಖರಕ್ಕೆ ಹೋಗಿ ನಿಂತ ನೋವು. "ಅಣ್ಣಾ, ಸಿಡ್ಲ ಬಡ್ದಂಗಾತು ನೋಡು" ಎಂದು ಫೋನಿನಲ್ಲಿ ಹೇಳಿದಳು. ನಾನು ಏನೆಂದೆ? "ಪಿತ್ತ ಆಗಿರ್ಬೇಕವಾ, ಲಿಂಬಿಹಣ್ಣಿನ ಪಾನಕಾ ಕುಡದು ಮಲಕೋ" ಎಂದೆ. ಓದುಗರಲ್ಲಿ ನಾನು ಮುಚ್ಚಿಡುವುದಿಲ್ಲ, ಇದು ನಾನೇ ಹೇಳಿದ ಮಾತು. ಆಮೇಲೆ ಅವಳನ್ನು ನೋಡಿದ ಡಾಕ್ಟರರೊಬ್ಬರು ರಕ್ತದೊತ್ತಡ ಹೆಚ್ಚಾಗಿದೆ ಎಂದು ಗುಳಿಗೆ ಬರೆದುಕೊಟ್ಟರು, ವಾಂತಿಗೆ ಒಂದು ಸೂಜಿ ಹಾಕಿ ಕಳಿಸಿದರು. ಅವರ ಮೇಲೆ ಬಹಳ ದಿನ ನನಗೆ ಸಿಟ್ಟಿತ್ತು. ಈಗ ಇಲ್ಲ. ದಿನಕ್ಕೆ ನೂರು ತಲೆನೋವು ನೋಡುವವರಿಗೆ ನೂರೊಂದನೆಯದು ಬೇರೆ ಜಾತಿಯದೆಂದು ಗೊತ್ತಾಗುವುದು ಸುಲಭವಲ್ಲ; ಒಡಹುಟ್ಟಿದ ಅಣ್ಣನಿಗೇ ಗೊತ್ತಾಗಲಿಲ್ಲವಲ್ಲ.

ಮೂರನೆಯ ದಿನ ಅವಳಿಗೆ ಕುತ್ತಿಗೆ ಬಗ್ಗಿಸಲು ಬರದಾಯಿತು. ಬೆಳಕು ಬೇಡ ಎಂದಳು. ಸಂಜೆಗೆ ಮಾತನಾಡಿಸಿದರೆ ಹೂಂ ಎಂದು ಮತ್ತೆ ನಿದ್ದೆಗೆ ಜಾರುತ್ತಿದ್ದಳು. ಆಗ ಅವಳ ಮಗ ಕಾರು ಮಾಡಿಕೊಂಡು ತಡಸದ ಮೇಲೆ ಹುಬ್ಬಳ್ಳಿಗೆ ಓಡಿಸಿದ. ನಾನು ದಾಂಡೇಲಿಯಿಂದ ಹಳಿಯಾಳ, ಕಲಘಟಗಿ ಹಾಯ್ದು ಹೊರಟೆ. ನಮ್ಮ ಕಡೆಯವರಿಗೆ ಇದು ಹಳೆಯ ದಾರಿ. ಜಿಲ್ಲೆ ಉತ್ತರ ಕನ್ನಡ. ಕಚೇರಿಯ ಕೆಲಸಕ್ಕೆ ಕಾರವಾರ. ಪ್ರಾಣದ ಕೆಲಸಕ್ಕೆ ಹುಬ್ಬಳ್ಳಿ-ಧಾರವಾಡ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು 2016ರಲ್ಲಿ ಆರಂಭವಾಯಿತು, ಸಂತೋಷವೇ. ಆದರೆ ಅಲ್ಲಿಗೆ ಹೋಗಲು ನಾವು ಘಟ್ಟ ಇಳಿಯಬೇಕು. ಹುಬ್ಬಳ್ಳಿಯಲ್ಲಿ 1957ರಿಂದ ವೈದ್ಯಕೀಯ ಕಾಲೇಜಿದೆ, ಹಳೆಯ ಜನ ಅದನ್ನು ಇಂದಿಗೂ ಕೆ.ಎಂ.ಸಿ. ಎಂದೇ ಕರೆಯುತ್ತಾರೆ. ಜಿಲ್ಲೆಗೊಂದು ಸರ್ವಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ವರ್ಷಗಳಿಂದ ಕೇಳುತ್ತಲೇ ಇದೆ. ಕೂಗಿ ಕೂಗಿ ಕೆಲವರ ಗಂಟಲು ಒಣಗಿದೆ. ಅದಿರಲಿ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೊದಲು ತಲೆಯ ಸಾದಾ ಸಿ.ಟಿ. ಚಿತ್ರ ತೆಗೆದರು. ಮೆದುಳಿನ ಸುತ್ತ ನೀರು ತುಂಬಿರುವ ಸಂದುಗಳು ಆ ಚಿತ್ರದಲ್ಲಿ ಕಪ್ಪಾಗಿ ಕಾಣಬೇಕು. ತಂಗಿಯ ಚಿತ್ರದಲ್ಲಿ ಅವು ಅಲ್ಲಲ್ಲಿ ಮಬ್ಬು ಬಿಳುಪಾಗಿದ್ದವು. ಆ ಬಿಳುಪೇ ರಕ್ತ. ಅಲ್ಲಿದ್ದ ತರುಣ ಡಾಕ್ಟರರು ನನ್ನನ್ನು ಮಾಸ್ತರನೆಂದು ತಿಳಿದು, ಹುಡುಗರಿಗೆ ಹೇಳುವಂತೆ ಬಿಡಿಸಿ ಹೇಳಿದರು. ನೋವು ಬಡಿದ ಆರು ತಾಸಿನೊಳಗೆ ಈ ಚಿತ್ರ ತೆಗೆದರೆ ರಕ್ತ ತಪ್ಪಿಸಿಕೊಳ್ಳುವುದು ತೀರ ಅಪರೂಪವಂತೆ. ದಿನ ಕಳೆದಂತೆ ರಕ್ತ ಕರಗಿ ಮಾಸುತ್ತದೆ, ಆಮೇಲೆ ಬೆನ್ನಿನಿಂದ ನೀರು ತೆಗೆದು ನೋಡಬೇಕಾಗುತ್ತದೆ. "ಮೂರನೇ ದಿನ ಬಂದೀರಿ, ಆದ್ರೂ ಕಾಣಸ್ತು. ನಸೀಬು ಚಲೋ ಐತ್ರಿ" ಎಂದರು. ನಸೀಬು ಎಂಬ ಶಬ್ದ ಆ ಹೊತ್ತಿನಲ್ಲಿ ನನಗೆ ವಿಚಿತ್ರವಾಗಿ ಕೇಳಿಸಿತು.

ರಕ್ತ ಇದೆ ಎಂದು ಗೊತ್ತಾಯಿತು, ಎಲ್ಲಿಂದ ಬಂತು? ಅದಕ್ಕಾಗಿ ಎರಡನೆಯ ಚಿತ್ರ: ಸಿ.ಟಿ. ಆಂಜಿಯೋಗ್ರಾಮ್. ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧಿಯನ್ನು ಯಂತ್ರದಿಂದ ರಭಸವಾಗಿ ಬಿಡುತ್ತಾರೆ. ಅದು ಹೃದಯಕ್ಕೆ ಹೋಗಿ, ಶ್ವಾಸಕೋಶ ಸುತ್ತಿ, ಮೆದುಳಿನ ನಾಳಗಳಿಗೆ ಏರುವ ಕೆಲವೇ ಸೆಕೆಂಡುಗಳ ಗಳಿಗೆಯನ್ನು ಹಿಡಿದು ಯಂತ್ರ ಚಿತ್ರ ತೆಗೆಯುತ್ತದೆ. ಎಕ್ಸ್-ರೇ ಕಿರಣಗಳಿಗೆ ಅಯೋಡಿನ್ ಅಡ್ಡ ನಿಲ್ಲುವುದರಿಂದ ನಾಳಗಳೆಲ್ಲ ಬೆಳ್ಳಗೆ ಮೂಡುತ್ತವೆ. ಕಾಗದದಷ್ಟು ತೆಳುವಾದ ನೂರಾರು ಪದರುಗಳನ್ನು ಕಂಪ್ಯೂಟರು ಒಂದರ ಮೇಲೊಂದು ಪೇರಿಸಿ ಇಡೀ ಮರವನ್ನೇ ಕಟ್ಟಿ ನಿಲ್ಲಿಸುತ್ತದೆ. ಡಾಕ್ಟರರು ಆ ಮರವನ್ನು ಪರದೆಯ ಮೇಲೆ ತಿರುಗಿಸಿ, ಕೆಳಗಿನಿಂದ ನೋಡಿ, ಹಿಂದಿನಿಂದ ನೋಡಿ, ಒಂದು ಕಡೆ ಬೆರಳಿಟ್ಟರು. ಎರಡು ನಾಳಗಳನ್ನು ಕೂಡಿಸುವ ಒಂದು ಗಿಡ್ಡ ಸೇತುವೆ. ಅದರ ಮೂಲೆಯಲ್ಲಿ, ನೇರಳೆ ಗಿಡದ ಎಳೆಗಾಯಿಯಂತೆ, ಆರು ಮಿಲಿಮೀಟರಿನ ಒಂದು ಉಬ್ಬು. ಇದಕ್ಕೆ ಅನ್ಯೂರಿಸಮ್ ಎನ್ನುತ್ತಾರೆ. ನಾಳದ ಗೋಡೆ ಒಂದು ಕಡೆ ಸವೆದು, ರಕ್ತದ ಒತ್ತಡಕ್ಕೆ ಬಲೂನಿನಂತೆ ಹೊರಗೆ ಬಂದಿರುತ್ತದೆ. ಒಡೆದರೆ ಮೂವರಲ್ಲಿ ಒಬ್ಬರಾದರೂ ಉಳಿಯುವುದಿಲ್ಲ.

ನಾನು ಭೂಗೋಳದವನಾದ್ದರಿಂದ ಒಂದು ಪ್ರಶ್ನೆ ಕೇಳದೆ ಇರಲಾಗಲಿಲ್ಲ: "ಇದು ಕವಲು ಒಡೆಯುವ ಜಾಗದಾಗ ಯಾಕ ಆಗೇದ್ರಿ?" ಡಾಕ್ಟರರು ನನ್ನ ಮುಖ ನೋಡಿದರು. ಬಹುಮಟ್ಟಿಗೆ ಅಲ್ಲಿಯೇ ಆಗುವುದಂತೆ. ರಕ್ತ ಕವಲಿಗೆ ಬಂದು ಬಡಿಯುವ ಕಡೆ ಗೋಡೆ ಸವೆಯುತ್ತದೆ. ಮೆದುಳಿನ ತಳದಲ್ಲಿ ನಾಳಗಳು ಒಂದು ಉಂಗುರವಾಗಿ ಕೂಡುತ್ತವೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯ 1664ರಲ್ಲಿಯೇ ಅದರ ವಿವರ ಬರೆದ, ಅವನ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟವನು ಮುಂದೆ ಲಂಡನ್ನಿನ ದೊಡ್ಡ ಇಗರ್ಜಿ ಕಟ್ಟಿದ ಕ್ರಿಸ್ಟೋಫರ್ ರೆನ್. ಆ ಉಂಗುರದ ಕವಲುಗಳೇ ಈ ಉಬ್ಬುಗಳ ತವರು. ನನಗೆ ತಟ್ಟನೆ ನೆನಪಾದದ್ದು ನಮ್ಮ ಹಳೆಯ ಸೂಪಾ. ಕಾಳಿಯೂ ಪಾಂಡರಿಯೂ ಕೂಡುವಲ್ಲಿಯೇ ಆ ಊರಿತ್ತು. ನಮ್ಮ ತಂದೆಯ ಮನೆ ಅಲ್ಲಿತ್ತು. ಎಂಬತ್ತರ ದಶಕದಲ್ಲಿ ಅಣೆಕಟ್ಟಿನ ನೀರು ಏರಿ ಊರು ಮುಳುಗಿತು. ತಾಲ್ಲೂಕಿನ ಹೆಸರೂ ಈಗ ಜೋಯಿಡಾ. ಮುಳುಗಿದ ಮನೆಯನ್ನು ನೋಡಲು ನೀರಿಗೆ ಇಳಿಯಬೇಕಾಗಿಲ್ಲ, ಬೇರೆ ಉಪಾಯವಿದೆ ಎಂದು ಯಾರಾದರೂ ಆಗ ಹೇಳಿದ್ದರೆ ನಮ್ಮ ತಾಯಿ ನಂಬುತ್ತಿರಲಿಲ್ಲ.

ಮೊದಮೊದಲು ಮೆದುಳಿನ ನಾಳಗಳನ್ನು ನೋಡಬೇಕಾದರೆ ಹೀಗೆ ಕೈಗೆ ಸೂಜಿ ಚುಚ್ಚಿ ಮುಗಿಯುತ್ತಿರಲಿಲ್ಲ. ಪೋರ್ತುಗಾಲದ ಎಗಾಸ್ ಮೊನೀಜ್ 1927ರಲ್ಲಿ ಲಿಸ್ಬನ್ನಿನಲ್ಲಿ, ಕುತ್ತಿಗೆಯ ನಾಳವನ್ನೇ ತೆರೆದು ಅದರಲ್ಲಿ ಔಷಧಿ ಬಿಟ್ಟು ಮೊದಲ ಚಿತ್ರ ತೆಗೆದ. ಆಮೇಲೆ ತೊಡೆಯ ಸಂದಿನಿಂದ ಉದ್ದದ ನಳಿಗೆ ಏರಿಸುವ ಪದ್ಧತಿ ಬಂತು. ಅದು ಇಂದಿಗೂ ಇದೆ, ಎಲ್ಲಕ್ಕಿಂತ ಖಚಿತವಾದ ಚಿತ್ರ ಅದೇ ಎನ್ನುತ್ತಾರೆ. ಸಿ.ಟಿ. ಯಂತ್ರದ ಕಥೆ ಇನ್ನೂ ತಮಾಷೆಯದು. ಅದನ್ನು ಮಾಡಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಕೆಲಸ ಮಾಡುತ್ತಿದ್ದದ್ದು ಗ್ರಾಮೋಫೋನು ತಟ್ಟೆಗಳಿಗೆ ಹೆಸರಾದ ಇ.ಎಂ.ಐ. ಕಂಪನಿಯಲ್ಲಿ. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿ ಮೊದಲ ರೋಗಿಯ ತಲೆಯ ಚಿತ್ರ ಬಂತು. 1979ರಲ್ಲಿ ಅವನಿಗೂ ಅಲನ್ ಕಾರ್ಮ್ಯಾಕ್ ಎಂಬವನಿಗೂ ನೊಬೆಲ್ ಬಹುಮಾನ ಬಂತು. ಯಂತ್ರ ನಿಲ್ಲದೆ ಸುರುಳಿಯಾಗಿ ಸುತ್ತುತ್ತ, ಔಷಧಿಯ ಓಟವನ್ನು ಬೆನ್ನಟ್ಟಿ ಹಿಡಿಯುವುದನ್ನು ಕಲಿತದ್ದು ತೊಂಬತ್ತರ ದಶಕದಲ್ಲಿ.

ತೊಂಬತ್ತರ ದಶಕ ಎಂದೊಡನೆ ನಾನು ನಿಲ್ಲಬೇಕಾಗುತ್ತದೆ. 1991ರಲ್ಲಿ ಹಳಿಯಾಳದಲ್ಲಿ ನಮ್ಮ ಅಕ್ಕ ತೀರಿಕೊಂಡಳು. ಅವಳಿಗೆ ಆಗ ನಲವತ್ತಮೂರು. ರೊಟ್ಟಿ ತಟ್ಟುತ್ತ ಕುಳಿತವಳು "ಅವ್ವಾ, ತಲಿ" ಎಂದಳು, ಪಕ್ಕಕ್ಕೆ ವಾಲಿದಳು. ನಡುರಾತ್ರಿಯ ಹೊತ್ತಿಗೆ ಎಲ್ಲ ಮುಗಿದಿತ್ತು. ಹಿಟ್ಟು ಕೈಯಲ್ಲಿಯೇ ಒಣಗಿತ್ತು. ಹೃದಯ ನಿಂತಿತೆಂದು ಒಬ್ಬರು, ಯಾರದೋ ಕಣ್ಣು ಎಂದು ಇನ್ನೊಬ್ಬರು, ಹಿಂದಿನ ದಿನ ಹೊಳೆಯ ದಂಡೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿದ್ದಳೆಂದು ಮತ್ತೊಬ್ಬರು. ಅವಳ ಅತ್ತೆಯಂತೂ ಬದುಕಿರುವ ತನಕ ತಾನು ಆ ದಿನ ಅವಳಿಗೆ ಬೈದೆನಲ್ಲಾ ಎಂದು ಕಣ್ಣೀರಿಡುತ್ತಿದ್ದಳು. ಮೂವತ್ತೆರಡು ವರ್ಷ ನಮ್ಮ ಮನೆಯಲ್ಲಿ ಆ ಸಾವಿಗೆ ಹೆಸರಿರಲಿಲ್ಲ.

ತಂಗಿಗೆ ತಲೆಬುರುಡೆ ತೆರೆದು ಆ ಉಬ್ಬಿನ ಕತ್ತಿಗೆ ಚಿಮಟಿಗೆಯಂಥ ಒಂದು ಪುಟ್ಟ ಕ್ಲಿಪ್ಪು ಹಾಕಿದರು. ಅಮೆರಿಕದ ವಾಲ್ಟರ್ ಡ್ಯಾಂಡಿ 1937ರಲ್ಲಿ ತೋರಿಸಿಕೊಟ್ಟ ದಾರಿ ಅದು. ತಲೆ ತೆರೆಯದೆ, ನಾಳದೊಳಗಿನಿಂದಲೇ ಹೋಗಿ ಪ್ಲಾಟಿನಮ್ ತಂತಿಯ ಸುರುಳಿ ತುಂಬುವ ಇನ್ನೊಂದು ದಾರಿಯೂ 1990ರಿಂದ ಇದೆ. ಅವಳ ಉಬ್ಬಿನ ಆಕಾರಕ್ಕೆ ಅದು ಹೊಂದಲಿಲ್ಲವೆಂದರು. ಶಸ್ತ್ರಕ್ರಿಯೆ ಆದ ಮೇಲೆಯೂ ಎರಡು ವಾರ ಭಯ. ಸೋರಿದ ರಕ್ತದ ಕಿರಿಕಿರಿಗೆ ಮೆದುಳಿನ ನಾಳಗಳು ಸೆಟೆದು ಕಿರಿದಾಗುವುದುಂಟು. ಅದಕ್ಕೆಂದು ಹೊತ್ತು ಹೊತ್ತಿಗೆ ಗುಳಿಗೆ, ಇಪ್ಪತ್ತೊಂದು ದಿನ. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ತಾಸುಗಳನ್ನು ಎಣಿಸಿದೆ.

ಹನ್ನೊಂದನೆಯ ದಿನ ಅವಳು ಚೆನ್ನಾಗಿ ಕಣ್ಣು ಬಿಟ್ಟಳು. ನನ್ನ ಗುರುತು ಹಿಡಿದಳು. ಗಂಜಿ ಕುಡಿದಳು. ಆಮೇಲೆ ಬಾಗಿಲ ಕಡೆ ನೋಡಿ, "ಅಣ್ಣಾ, ಅಕ್ಕ ಬರ್ಲಿಲ್ಲೇನ?" ಎಂದಳು.

ಆ ಸೇತುವೆಯ ಸುತ್ತಲಿನ ನಾಳಗಳಿಗೆ ಪೆಟ್ಟಾದರೆ ನೆನಪು ಹದಗೆಡುವುದುಂಟು ಎಂದು ಡಾಕ್ಟರರು ಮೊದಲೇ ಹೇಳಿದ್ದರು. ಹಳೆಯದು ಉಳಿಯುತ್ತದೆ, ಹೊಸದು ನಿಲ್ಲುವುದಿಲ್ಲ. ನಡುವೆ ಬಿಟ್ಟ ಜಾಗಗಳನ್ನು ಮನಸ್ಸು ತನಗೆ ತೋಚಿದಂತೆ ತುಂಬಿಕೊಳ್ಳುತ್ತದೆ. "ಹಳಿಯಾಳದಾಗ ಮಳಿ ಜೋರೈತವಾ, ಬಸ್ಸಿಲ್ಲ" ಎಂದೆ. ನವೆಂಬರಿನಲ್ಲಿ ಎಂಥ ಮಳೆ! ಅವಳು ಒಪ್ಪಿಕೊಂಡಳು.

ಆ ಸಂಜೆ ಡಾಕ್ಟರರು ಕೇಳಿದರು: "ಮಾಸ್ತರ್ರ, ನಿಮ್ಮ ಮನ್ಯಾಗ ಮತ್ತ ಯಾರರ ಹಿಂಗ ಆಗಿತ್ತೇನು?" ನಾನು ರೊಟ್ಟಿಯ ಕಥೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಚಿತ್ರವಿಲ್ಲದೆ ಖಂಡಿತವಾಗಿ ಹೇಳಲಾಗದು, ಆದರೆ ಕೇಳಿದರೆ ಅದೇ ಇದ್ದೀತು ಎಂದರು. ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಇಬ್ಬರಿಗೆ ಹೀಗಾಗಿದ್ದರೆ ಉಳಿದವರೂ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದಂತೆ. ಉಳಿದವರು ಎಂದರೆ ನಾನೊಬ್ಬನೇ.

ನೋಡಿಸಿಕೊಳ್ಳಲು ನನಗೆ ಹತ್ತಿರ ಹತ್ತಿರ ಒಂಬತ್ತು ತಿಂಗಳು ಹಿಡಿಯಿತು. ನನ್ನ ನೆವಗಳ ಪಟ್ಟಿ ಕೊಟ್ಟರೆ ಪುರವಣಿಯ ಜಾಗ ಸಾಲದು. ಮಳೆಗಾಲ, ಪಿಂಚಣಿಯ ಕಾಗದಪತ್ರ, ಮೊಮ್ಮಗನ ಜಾವಳ. ನಿಜವಾದ ಮಾತು ಬೇರೆ. ತಂಗಿಗೆ ಉಬ್ಬು ಒಡೆದಿತ್ತು, ಚಿತ್ರ ತೆಗೆಸಲೇಬೇಕಿತ್ತು. ನನಗೆ ಏನೂ ಆಗಿಲ್ಲ. ಉಣ್ಣುತ್ತೇನೆ, ಕಾಳಿಯ ದಂಡೆಯಲ್ಲಿ ತಿರುಗಾಡುತ್ತೇನೆ. ಇಂಥವನು ಹೋಗಿ ಹುಡುಕಿಸಿ, ಅದು ಸಿಕ್ಕಿಬಿಟ್ಟರೆ? ದೊಡ್ಡವರಲ್ಲಿ ನೂರಕ್ಕೆ ಸುಮಾರು ಮೂವರ ತಲೆಯಲ್ಲಿ ಇಂಥದೊಂದು ಇರುತ್ತದಂತೆ. ದಾಂಡೇಲಿಯಿಂದ ಹಳಿಯಾಳಕ್ಕೆ ಹೊರಡುವ ಎರಡು ಬಸ್ಸು ತುಂಬಿದರೆ ಮೂವರು. ಅವುಗಳಲ್ಲಿ ಹೆಚ್ಚಿನವು ಎಂದಿಗೂ ಒಡೆಯುವುದಿಲ್ಲ. ಹೊತ್ತವರು ಬೇರೆ ಯಾವುದೋ ಕಾರಣಕ್ಕೆ, ತಮ್ಮ ಪಾಳಿ ಬಂದಾಗ, ಏನೂ ಅರಿಯದೆ ಹೋಗುತ್ತಾರೆ. ಅರಿಯದಿರುವುದು ಸುಖವೆಂದು ನಾನು ವಾದಿಸಿದೆ. ನನ್ನ ಹೆಂಡತಿ ಎದುರು ವಾದ ಮಾಡಲಿಲ್ಲ. "ನಿಮ್ಮ ಅಕ್ಕನ ಅತ್ತಿ ಮೂವತ್ತ ವರ್ಷ ಅತ್ಲು. ನಾ ಯಾಕ ಅಳ್ಬೇಕ್ರಿ, ಗೊತ್ತಿಲ್ದ?" ಎಂದಳು. ಮರುದಿನ ಬಸ್ಸು ಹತ್ತಿದೆ.

ಇಂಥ ಪರೀಕ್ಷೆಗೆ ಸಾಮಾನ್ಯವಾಗಿ ಎಂ.ಆರ್. ಯಂತ್ರವನ್ನು ಬಳಸುತ್ತಾರೆ, ಕಿರಣದ ಕಾಟವಿಲ್ಲ, ಅಯೋಡಿನ್ ಬೇಡ. ಆದರೆ ಅದೊಂದು ದೊಡ್ಡ ಅಯಸ್ಕಾಂತ, ನನ್ನ ಎದೆಯಲ್ಲಿ ಒಂಬತ್ತು ವರ್ಷದ ಹಿಂದೆ ಕೂಡಿಸಿದ ಪೇಸ್‌ಮೇಕರು ಅದಕ್ಕೆ ಒಗ್ಗುವಂಥದಲ್ಲ. ಹಾಗಾಗಿ ನನ್ನ ಪಾಲಿಗೂ ಸಿ.ಟಿ. ಆಂಜಿಯೋಗ್ರಾಮೇ ಬಂತು. ಮೂತ್ರಪಿಂಡ ಚೆನ್ನಾಗಿದೆಯೇ ಎಂದು ರಕ್ತ ನೋಡಿದರು, ಔಷಧಿ ಹೊರಗೆ ಹೋಗಬೇಕಾದದ್ದು ಅದರ ಮೂಲಕ. ಯಾವುದಾದರೂ ಔಷಧಿ ಮೈಗೆ ಆಗದೆ ಇದ್ದದ್ದುಂಟೇ ಎಂದು ಕೇಳಿದರು. ಒಂದು ಕಾಗದಕ್ಕೆ ಸಹಿ. ಮೊಳಕೈಯ ಮಡಿಕೆಯಲ್ಲಿ ಸ್ವಲ್ಪ ದಪ್ಪನೆಯ ಸೂಜಿ. ಯಂತ್ರ ನೋಡಿದರೆ ರಾಕ್ಷಸನಿಗೆ ಕರಿದ ಉದ್ದಿನ ವಡೆಯ ಹಾಗಿದೆ. ನಡುವಿನ ತೂತಿನಲ್ಲಿ ನನ್ನ ತಲೆ. "ಔಷಧಿ ಬಿಟ್ಟಾಗ ಮೈಯೆಲ್ಲಾ ಬೆಚ್ಚಗ ಆಗ್ತೈತ್ರಿ, ಒಂದಕ್ಕ ಆಧಂಗ ಅನಸ್ತೈತಿ, ಆಗಿರೂದಿಲ್ಲ. ಅಂಜಬ್ಯಾಡ್ರಿ, ಉಗುಳೂ ನುಂಗಬ್ಯಾಡ್ರಿ" ಎಂದ ಹುಡುಗ, ಗಾಜಿನ ಆಚೆ ಹೋದ. ಅವನು ಹೇಳಿದ್ದು ಅಕ್ಷರಶಃ ನಡೆಯಿತು. ಗಂಟಲಲ್ಲಿ ತಾಮ್ರದ ರುಚಿ, ಎದೆಯಲ್ಲಿ ಬಿಸಿ, ಆ ಬಿಸಿ ಕೆಳಗಿಳಿದು ಧೋತರದೊಳಗೆ ಮಾನ ಹೋಯಿತೆಂದೇ ತಿಳಿದೆ. ವಡೆ ಗಿರ್ರೆಂದಿತು. ಕಣ್ಣು ಮುಚ್ಚಿ, ಡಿಗ್ಗಿಯಿಂದ ಹೊರಟು ಕಾಳಿಯ ಉಪನದಿಗಳನ್ನು ಎಣಿಸತೊಡಗಿದೆ: ಪಾಂಡರಿ, ನಾಗಝರಿ, ತಟ್ಟಿಹಳ್ಳ... ಕಾಣೇರಿಗೆ ಬರುವಷ್ಟರಲ್ಲಿ "ಮುಗೀತ್ರಿ" ಎಂದ.

ಮೂರು ಮಿಲಿಮೀಟರು. ಎಡಗಡೆ, ಒಂದು ಕವಲಿನಲ್ಲಿ. ಡಾಕ್ಟರರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ನನ್ನ ತಲೆಯ ನದಿಗಳನ್ನು ನಾನು ನೋಡಿದೆ. ಚೆನ್ನಾಗಿಯೇ ಇದ್ದವು, ನಾನೇ ಹೇಳಿಕೊಳ್ಳಬಾರದು. ಇಷ್ಟು ಚಿಕ್ಕದಾದರೆ ಇದು ಉಬ್ಬೋ ಅಥವಾ ಕಿರುನಾಳವೊಂದು ಹೊರಡುವಲ್ಲಿನ ಸಹಜವಾದ ಅಗಲವೋ ಎಂದು ಕೆಲವು ಸಲ ಈ ಚಿತ್ರಕ್ಕೂ ತಿಳಿಯುವುದಿಲ್ಲವಂತೆ. ಒಡೆಯುವ ಸಂಭವ ಬಹಳ ಕಡಿಮೆ. ನನ್ನ ವಯಸ್ಸಿಗೆ, ನನ್ನ ಹೃದಯಕ್ಕೆ, ಮುಟ್ಟುವುದೇ ಹೆಚ್ಚು ಅಪಾಯ. ರಕ್ತದೊತ್ತಡ ಹದದಲ್ಲಿರಲಿ, ವರ್ಷಕ್ಕೊಮ್ಮೆ ನೋಡೋಣ. "ಮತ್ತ ಸಿಗರೇಟು ಏನರ...?" ಎಂದರು. ನಾನು ಇಲ್ಲವೆನ್ನಲು ಬಾಯಿ ತೆರೆದೆ. ಪಕ್ಕದಲ್ಲಿದ್ದ ಹೆಂಡತಿ, "ದಿನಾ ಎರಡ್ರಿ, ಊಟಾ ಆದಮ್ಯಾಗ, ಹಿತ್ತಲದಾಗ. ನನಗ ಗೊತ್ತಿಲ್ಲಂತ ತಿಳಕೊಂಡಾರ" ಎಂದಳು. ನಲವತ್ತು ವರ್ಷದ ಗುಟ್ಟು ಆ ಕತ್ತಲೆಯ ಕೋಣೆಯಲ್ಲಿ ಉಬ್ಬಿನ ಜೊತೆಗೇ ಹೊರಬಿತ್ತು. ಅಂದಿನಿಂದ ಬಿಟ್ಟಿದ್ದೇನೆ.

ಹಳಿಯಾಳದಲ್ಲಿ ಅಕ್ಕನ ಮಕ್ಕಳಿಗೆ ಹೇಳಲು ನಾನೇ ಹೋದೆ. ಮಗ ನಕ್ಕ. "ಮಾಮಾ, ಅದನ್ನ ತಿಳಕೊಂಡು ಟ್ರ್ಯಾಕ್ಟರ್ ಹೊಡ್ಯೂದ ಹೆಂಗ?" ಎಂದ. ಮಗಳಿಗೆ ಬೇರೆ ಚಿಂತೆ. ಅವಳ ಮಗಳಿಗೆ ವರ ನೋಡುತ್ತಿದ್ದಾರೆ, ಬೀಗರ ಕಿವಿಗೆ ಇದು ಬಿದ್ದರೆ ಏನು ಗತಿ? ಅವರ ತಾಯಿಯ ಸಾವಿಗೆ ಹೆಸರು ಸಿಕ್ಕಿರಬಹುದು ಎಂದು ಹೇಳಿದಾಗ ಮಾತ್ರ ಇಬ್ಬರೂ ಸುಮ್ಮನಾದರು. ಅಜ್ಜಿ ಬೈದದ್ದರಿಂದಲ್ಲ ಎಂದು ಮಗಳು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ನಾನು ಒತ್ತಾಯ ಮಾಡಲಿಲ್ಲ. ಒಂಬತ್ತು ತಿಂಗಳು ನೆವ ಹೇಳಿದವನಿಗೆ ಆ ಅಧಿಕಾರವೆಲ್ಲಿಯದು? ಒಂದನ್ನು ಮಾತ್ರ ಹೇಳಿ ಬಂದೆ: ಸಿಡಿಲು ಬಡಿದಂಥ ತಲೆನೋವು ಬಂದರೆ ಪಾನಕ ಕುಡಿಯಬೇಡಿರಿ, ಅದೇ ಗಳಿಗೆ ಧಾರವಾಡದ ಗಾಡಿ ಹತ್ತಿರಿ.

ಮೂರು ಮಿಲಿಮೀಟರನ್ನು ತಲೆಯಲ್ಲಿ ಇಟ್ಟುಕೊಂಡು ನಿದ್ದೆ ಹೇಗೆ ಬರುತ್ತದೆ ಎಂದು ಮಿತ್ರರು ಕೇಳುತ್ತಾರೆ. ಮೊದಲ ತಿಂಗಳು ಬರಲಿಲ್ಲ. ಸೀನಲು ಹೆದರಿದೆ, ಬಗ್ಗಿ ಚಪ್ಪಲಿ ಮೆಟ್ಟಲು ಹೆದರಿದೆ. ಆಮೇಲೆ ರೂಢಿಯಾಯಿತು. ನಮ್ಮ ದಾಂಡೇಲಿಯ ಮೇಲ್ಗಡೆ ನೂರೊಂದು ಮೀಟರು ಎತ್ತರದ ಸೂಪಾ ಅಣೆಕಟ್ಟು ಕಾಳಿಯನ್ನು ತಡೆದು ನಿಂತಿದೆ; ಅದರ ಕೆಳಗೆ ನಾವು ಇಷ್ಟು ವರ್ಷ ಮಲಗಿ ಎದ್ದಿಲ್ಲವೇ? 2025ರ ಆಗಸ್ಟಿನಲ್ಲಿ ಎರಡನೆಯ ಸಲ ವಡೆಯೊಳಗೆ ತಲೆಯಿಟ್ಟೆ. ಇದ್ದಷ್ಟೇ ಇದೆ.

ತಂಗಿ ಮುಂಡಗೋಡಿನಲ್ಲಿ ಮೊದಲಿನಂತೆ ಓಡಾಡುತ್ತಾಳೆ. ಅಡಿಗೆ ಮಾಡುತ್ತಾಳೆ, ಉಪ್ಪು ಹಾಕಿದೆನೋ ಇಲ್ಲವೋ ಎಂದು ಮಗನನ್ನು ಕೇಳುತ್ತಾಳೆ. ಅಕ್ಕ ಇಲ್ಲವೆಂಬುದು ಈಗ ಅವಳಿಗೆ ತಿಳಿದಿದೆ. ಆದರೆ ಈಚಿನದು ಯಾವುದೂ ನಿಲ್ಲುವುದಿಲ್ಲ. ಪ್ರತಿ ರವಿವಾರ ಸಂಜೆ ಫೋನು ಮಾಡಿ, "ಅಣ್ಣಾ, ನಿನ್ನ ತಲೀ ಫೋಟೋ ತಗಸ್ತೇನಂದಿದ್ದಿ, ಏನಾತು?" ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ: ಹುಬ್ಬಳ್ಳಿಗೆ ಹೋದದ್ದು, ವಡೆಯಂಥ ಯಂತ್ರ, ತಾಮ್ರದ ರುಚಿ, ಧೋತರದ ಭಯ. ಅಲ್ಲಿಗೆ ಬಂದಾಗ ಅವಳು ಬಿದ್ದು ಬಿದ್ದು ನಗುತ್ತಾಳೆ, ಮೊದಲ ಸಲ ಕೇಳಿದವಳ ಹಾಗೆ. "ಮೂರ ಮಿಲಿಮೀಟರಂದ್ರ ಎಷ್ಟಾತು?" ಎನ್ನುತ್ತಾಳೆ. "ಸಾಬೂದಾಣಿ ಕಾಳಿನಷ್ಟವಾ" ಎನ್ನುತ್ತೇನೆ. "ಅಷ್ಟ ಏನು?" ಎಂದು ಸಮಾಧಾನಪಟ್ಟು ಫೋನು ಇಡುತ್ತಾಳೆ.